ಜ್ವರ ಬಿಟ್ಟ ಮೇಲಿನ ಲೆಕ್ಕ



ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ನಮ್ಮ ಸಂಘದ ಕಛೇರಿಯಿಂದ ಒಂದು ನೋಟೀಸು ಹೊರಟಿತು. ಮಾಮೂಲು ಕಾಗದ. ಗಡುವು ಮೀರಿದ ಮುಂಗಡವನ್ನು 15 ದಿನಗಳೊಳಗೆ ತೀರಿಸತಕ್ಕದ್ದು, ತಪ್ಪಿದಲ್ಲಿ ದಂಡಬಡ್ಡಿ ಬೀಳುವುದು, ಇತ್ಯಾದಿ. ಕೆಳಗೆ ಕಾರ್ಯದರ್ಶಿ ಎಂದು ನಾವೇ ಸಹಿ ಹಾಕಿದ್ದೆವು. ಆ ಕಾಗದ ಹೋದದ್ದು ಎರಡು ಎಕರೆ ಅಡಿಕೆ, ನಡುವೆ ಒಂದಷ್ಟು ಕಾಫಿ ಇರುವ ಸದಸ್ಯರೊಬ್ಬರಿಗೆ. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಬಾಕಿ ಉಳಿಸಿಕೊಂಡವರಲ್ಲ. ಆ ಫೆಬ್ರವರಿಯಲ್ಲಿ ಅವರಿಗೆ ಮಂಗನ ಕಾಯಿಲೆ ಬಂದಿತ್ತು. ಆಸ್ಪತ್ರೆಯಲ್ಲಿದ್ದು ಗುಣವಾಗಿ ಮನೆಗೆ ಬಂದಿದ್ದಾರೆಂದು ನಮಗೆ ತಿಳಿದಿತ್ತು. ಗುಣವಾಗಿ ನಾಲ್ಕು ತಿಂಗಳಾದ ಮೇಲೂ ಸರಕು ತಂದು ಹಾಕಲಿಲ್ಲವೆಂದರೆ ಅದು ಅಸಡ್ಡೆಯೇ ಇರಬೇಕೆಂದು ನಾವು ತಿಳಿದೆವು.

ನೋಟೀಸು ಹೋದ ವಾರದಲ್ಲಿ ಅವರ ಮನೆಯ ಹಾದಿಯಲ್ಲಿ ಹೋಗಬೇಕಾಗಿ ಬಂದು ಒಳಗೆ ಹೋದೆವು. ಅಂಗಳದಲ್ಲಿ ಸುಲಿಯದ ಅಡಿಕೆ ಗೋಟಾಗಿ ಬಿದ್ದಿತ್ತು. ಅವರು ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಎದ್ದು ನಿಂತು ನೀರು ಕೊಡುವಾಗ ಕೈ ನಡುಗುತ್ತಿತ್ತು. “ಜ್ವರ ಹೋಯಿತು, ಆದರೆ ನಾನು ಇನ್ನೂ ವಾಪಸು ಬಂದಿಲ್ಲ” ಎಂದರು. ನೋಟೀಸಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಆದರೆ ಅಂದಿನಿಂದ ಆ ಸಹಿ ನಮ್ಮ ಕಣ್ಣ ಮುಂದಿನಿಂದ ಹೋಗಿಲ್ಲ.

ಈ ಪುಟಗಳಲ್ಲಿ ಬೆಲೆ, ಗೊಬ್ಬರ, ಕೊಳೆರೋಗ ಇವುಗಳ ವಿಷಯ ಬರೆಯುವುದು ವಾಡಿಕೆ. ಈ ಸಲ ಬೇರೆ ವಿಷಯ ಬರೆಯುತ್ತಿದ್ದೇವೆ. ನಾವು ಹೇಳಬೇಕಾದ್ದು ಇಷ್ಟೇ. ಕಠಿಣವಾದ ವೈರಸ್ ಜ್ವರವು ಥರ್ಮಾಮೀಟರಿನ ಪಾದರಸ ಇಳಿದ ದಿನ ಮುಗಿಯುವುದಿಲ್ಲ. ಅದರ ಬಾಲ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಯಾರಲ್ಲಿ ಉಳಿದೀತು ಎಂಬುದನ್ನು ಸ್ವಲ್ಪಮಟ್ಟಿಗಾದರೂ ಮೊದಲೇ ಊಹಿಸಬಹುದು. ಊಹಿಸಬಹುದಾದ ಮೇಲೆ ಅದಕ್ಕೆ ತಕ್ಕಂತೆ ನಮ್ಮ ಕೆಲಸವನ್ನೂ ಗಡುವುಗಳನ್ನೂ ಹೊಂದಿಸಿಕೊಳ್ಳದಿರುವುದು ತಪ್ಪು.

ನಮ್ಮ ಸೀಮೆಯ ಹೆಸರು ಹೊತ್ತ ರೋಗ

ಲೋಕದ ವೈದ್ಯ ಗ್ರಂಥಗಳಲ್ಲಿ ನಮ್ಮ ಸೊರಬ ತಾಲ್ಲೂಕಿನ ಹೆಸರು ಸೇರಿರುವುದು ಅಡಿಕೆಯಿಂದಲ್ಲ, ಒಂದು ರೋಗದಿಂದ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಕಾಲಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಮಂಗಗಳ ಸಾವನ್ನು ಕಂಡು ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂಬ ಆತಂಕ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಇದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಬೇರೊಂದು ಹೊಸ ವೈರಸ್ ಎಂದು ಕಂಡುಹಿಡಿದರು. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಪಾಪ, ಮಂಗನ ತಪ್ಪೇನೂ ಇಲ್ಲ. ಅದೂ ನಮ್ಮಂತೆಯೇ ಉಣುಗಿನಿಂದ ಕಚ್ಚಿಸಿಕೊಂಡು ಸಾಯುವ ಪ್ರಾಣಿ.

ಅಂದಿನಿಂದ ಇಂದಿನವರೆಗೆ ಈ ರೋಗ ನಮ್ಮನ್ನು ಬಿಟ್ಟಿಲ್ಲ. 1983ರಲ್ಲಿ ಬೆಳ್ತಂಗಡಿ ಕಡೆ ಕಾಡು ಕಡಿದು ಗೇರು ತೋಪು ಮಾಡಹೊರಟಾಗ ದೊಡ್ಡ ಪ್ರಮಾಣದಲ್ಲಿ ಎದ್ದಿತು. ಆ ವರ್ಷ 1555 ಜನರಿಗೆ ತಗುಲಿ 150 ಜನ ತೀರಿಕೊಂಡರೆಂದು ದಾಖಲೆಯಿದೆ. 2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಏನಾಯಿತೆಂಬುದು ನಮಗೆಲ್ಲ ನೆನಪಿದೆ. ಈ ನಡುವೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಅದು ಹಬ್ಬಿದೆ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಮರಿ ಉಣುಗುಗಳ ಕಾಲ. ಅದೇ ಕಾಲ ನಮಗೆ ಕೊನೆ ಕೊಯ್ಲಿನದು, ಕಾಫಿ ಕೊಯ್ಲಿನದು, ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೂ ಗೊಬ್ಬರದ ಗುಂಡಿಗೂ ಹಾಕುವುದು. ಬೇಕೆಂದು ಹೊಂದಿಸಿದರೂ ಇಷ್ಟು ಸರಿಯಾಗಿ ಹೊಂದಲಾರದು! ಕಾಡು, ತೋಟ, ಗದ್ದೆ, ದನಕರು ಎಲ್ಲವೂ ಬೆರೆತಿರುವ ನಮ್ಮಂಥ ಸೀಮೆಯಲ್ಲೇ ಅಪಾಯ ಹೆಚ್ಚೆಂದು ಈಚಿನ ಅಧ್ಯಯನಗಳೂ ಹೇಳುತ್ತವೆ.

ಈ ಜ್ವರದ ಗತಿ ಹೀಗಿದೆ. ಉಣುಗು ಕಚ್ಚಿ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಹಣೆ ಸೀಳುವಂಥ ತಲೆನೋವು, ಮೈಕೈ ಮುರಿತ, ಕಣ್ಣು ಕೆಂಪಾಗುವುದು, ಕೆಲವರಿಗೆ ಮೂಗು ವಸಡುಗಳಿಂದ ರಕ್ತ. ನೂರಕ್ಕೆ 3ರಿಂದ 5 ಮಂದಿ ಉಳಿಯುವುದಿಲ್ಲ. ಉಳಿದವರಿಗೆ ವಾರ ಎರಡು ವಾರಗಳಲ್ಲಿ ಜ್ವರ ಬಿಡುತ್ತದೆ. ಆದರೆ ನೂರಕ್ಕೆ 10ರಿಂದ 20 ಮಂದಿಗೆ, ಬಿಟ್ಟಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೆ, ಮೂರನೆಯ ವಾರದ ಸುಮಾರಿಗೆ ಮತ್ತೆ ಜ್ವರ ಮರುಕಳಿಸುತ್ತದೆ. ಈ ಎರಡನೆಯ ಸುತ್ತಿನಲ್ಲಿ ನರಗಳಿಗೆ ಸಂಬಂಧಿಸಿದ ತೊಂದರೆ ಕಾಣುತ್ತದೆ. ತೀವ್ರ ತಲೆನೋವು, ನಡುಕ, ಕಣ್ಣು ಮಂಜಾಗುವುದು, ಮನಸ್ಸಿನ ಗೊಂದಲ. ಅದೂ ಕಳೆದ ಮೇಲೆ ಬರುವುದು ಚೇತರಿಕೆಯ ಕಾಲ. ವೈದ್ಯರು ಬರೆದಿಟ್ಟಿರುವಂತೆ ಅದು ದೀರ್ಘವಾದದ್ದು. ಸ್ನಾಯುಗಳ ನೋವು, ನಿಶ್ಶಕ್ತಿಗಳಿಂದ ಮೈಮುರಿದು ದುಡಿಯಲಾಗದೆ ಹಲವು ತಿಂಗಳು ಕಳೆಯಬೇಕಾದೀತು.

ಆದರೂ ನಮ್ಮ ಕೈಗೆ ಬರುವ ಲೆಕ್ಕದಲ್ಲಿ ಎರಡೇ ಅಂಕಣಗಳಿರುತ್ತವೆ. ಇಷ್ಟು ಜನರಿಗೆ ತಗುಲಿತು, ಇಷ್ಟು ಜನ ಸತ್ತರು. ತಗುಲಿಯೂ ಸಾಯದೆ, ಬದುಕಿಯೂ ದುಡಿಯಲಾಗದೆ ಉಳಿದವರ ಅಂಕಣ ಎಲ್ಲಿದೆ? ಸಂಘದ ಲೆಕ್ಕದಲ್ಲಿ ಅವರು ‘ಸುಸ್ತಿದಾರರು’. ಕನ್ನಡದಲ್ಲಿ ಈ ಶಬ್ದಕ್ಕೆ ಎರಡರ್ಥ ಬಂದಿರುವುದು ವಿಧಿಯ ಚೇಷ್ಟೆಯೇ ಇರಬೇಕು.

ಬಾಲ ಉದ್ದವಾಗುವುದು ಯಾರಲ್ಲಿ?

ಮಂಗನ ಕಾಯಿಲೆಯಿಂದ ಎದ್ದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕವಿಟ್ಟದ್ದು ಕಡಿಮೆ. ಆದುದರಿಂದ ಅದರ ದಾಯಾದಿ ರೋಗಗಳಲ್ಲಿ ಕಂಡದ್ದೇನೆಂದು ನೋಡಬೇಕಾಗುತ್ತದೆ.

ಯೂರೋಪಿನ ಕಾಡುಗಳಲ್ಲಿ ಉಣುಗಿನಿಂದಲೇ ಬರುವ ಮಿದುಳು ಜ್ವರವೊಂದಿದೆ. ಅದರ ವೈರಸ್ಸು ನಮ್ಮ ಕ್ಯಾಸನೂರಿನ ವೈರಸ್ಸಿಗೆ ಹತ್ತಿರದ ಸಂಬಂಧಿ. ಆ ಜ್ವರ ನರಗಳಿಗೆ ತಾಗಿದವರಲ್ಲಿ ಮೂರನೆಯ ಒಂದಂಶಕ್ಕಿಂತ ಹೆಚ್ಚು ಮಂದಿಗೆ ಆಯಾಸ, ಮರೆವು, ತಲೆನೋವು, ಸಮತೋಲ ತಪ್ಪುವುದು ಮೊದಲಾದವು ಬಹುಕಾಲ ಉಳಿಯುತ್ತವೆಂದು ಅಲ್ಲಿನ ವೈದ್ಯರು ಕಂಡುಕೊಂಡಿದ್ದಾರೆ. ವಯಸ್ಸಾದವರಲ್ಲಿ ಮತ್ತು ಮೊದಲ ಹೊಡೆತ ಜೋರಾಗಿದ್ದವರಲ್ಲಿ ಇದು ಹೆಚ್ಚು.

ಎರಡನೆಯದು ಚಿಕುನ್‌ಗುನ್ಯ. 2006ರಲ್ಲಿ ಕರ್ನಾಟಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳಿದ್ದರು. ದೇಶದ ಒಟ್ಟು ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮ ರಾಜ್ಯದ್ದೇ. ಸೊಂಟ ಬಗ್ಗಿಸಿ ನಡೆಯುತ್ತಿದ್ದ ಇಡೀ ಊರುಗಳನ್ನು ನಾವು ಕಂಡಿದ್ದೇವೆ. ಅದೇ ಅಲೆ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಎದ್ದಾಗ ಅಲ್ಲಿನ ವೈದ್ಯರು ರೋಗಿಗಳ ಒಂದು ಗುಂಪನ್ನು 15 ತಿಂಗಳ ಬಳಿಕ ಮತ್ತೆ ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಇನ್ನೂ ಕೀಲುನೋವಿತ್ತು. 45 ವರ್ಷ ದಾಟಿದವರು, ಆರಂಭದಲ್ಲೇ ನೋವು ತೀವ್ರವಾಗಿದ್ದವರು, ಮೊದಲೇ ಕೀಲು ಸವೆದಿದ್ದವರು ಇವರಲ್ಲಿ ಮುಂದಿದ್ದರು.

ಮೂರನೆಯದು ಕೊರೋನ. ಅದು ಬಂದು ಹೋದ ಮೇಲೆ ಉಳಿಯುವ ತೊಂದರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಒಂದು ವ್ಯಾಖ್ಯೆಯನ್ನೇ ಕೊಟ್ಟಿತು. ರೋಗ ತಗುಲಿದ ಸುಮಾರು ಮೂರು ತಿಂಗಳ ಬಳಿಕವೂ ಇರುವ, ಕಡಿಮೆಯೆಂದರೆ ಎರಡು ತಿಂಗಳು ಕಾಡುವ, ಬೇರೆ ಕಾರಣ ಕಾಣದ ತೊಂದರೆ ಎಂದು. 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 41 ಅಧ್ಯಯನಗಳನ್ನು ಕೂಡಿಸಿ, 8 ಲಕ್ಷ 60 ಸಾವಿರ ಜನರ ವಿವರಗಳನ್ನು ಪರಿಶೀಲಿಸಿತು. ಅದರಲ್ಲಿ ಕಂಡದ್ದು ಇದು. ಆಸ್ಪತ್ರೆ ಸೇರುವಷ್ಟು ಜೋರಾಗಿ ಬಂದವರಲ್ಲಿ ತೊಂದರೆ ಉಳಿಯುವ ಸಂಭವ ಇತರರ ಎರಡರಷ್ಟಕ್ಕೂ ಮೇಲೆ. ಹೆಂಗಸರಲ್ಲಿ ಗಂಡಸರ ಒಂದೂವರೆಯಷ್ಟು. 40 ದಾಟಿದವರು, ಮೈತೂಕ ಹೆಚ್ಚಿದವರು, ಬೀಡಿ ಸಿಗರೇಟು ಸೇದುವವರು, ದಮ್ಮು ಮೊದಲಾದ ಶ್ವಾಸದ ಕಾಯಿಲೆ ಇದ್ದವರು, ಮೊದಲೇ ಮನೋವ್ಯಾಕುಲತೆ ಇದ್ದವರು, ಇವರಲ್ಲೂ ಸಂಭವ ಹೆಚ್ಚು. ಸಕ್ಕರೆ ಕಾಯಿಲೆಯ ಪಾಲು ಅಷ್ಟು ದೊಡ್ಡದಲ್ಲ, ಆದರೂ ಇದೆ. ಎರಡು ಸಲ ಲಸಿಕೆ ಹಾಕಿಸಿಕೊಂಡವರಲ್ಲಿ ಸಂಭವ ನೂರಕ್ಕೆ 40ರಷ್ಟು ಕಡಿಮೆ.

ಈ ಮೂರೂ ಬೇರೆ ಬೇರೆ ರೋಗಗಳು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಗೆಯೇ ಅಂಟಿಸಬಾರದು. ಆದರೂ ಮೂರರಲ್ಲೂ ಮೊದಲ ಹೊಡೆತದ ತೀವ್ರತೆಯೂ ವಯಸ್ಸೂ ಎದ್ದು ಕಾಣುತ್ತವೆ. ಅವುಗಳ ಬೆನ್ನಿಗೇ ಮೊದಲೇ ಇದ್ದ ಕಾಯಿಲೆ. ಹೆಂಗಸರ ಮಾತು ಬೇರೆಯಾಗಿಯೇ ಹೇಳಬೇಕಾದ್ದು. ನಮ್ಮ ಮನೆಗಳಲ್ಲಿ ಗಂಡಸು ಮಲಗಿದರೆ ಹೆಂಗಸು ಎರಡಾಳಿನ ಕೆಲಸ ಮಾಡುತ್ತಾಳೆ. ಹೆಂಗಸು ಮಲಗಿದರೆ ನಾಲ್ಕನೆಯ ದಿನ ಅವಳೇ ಎದ್ದು ಒಲೆ ಹೊತ್ತಿಸುತ್ತಾಳೆ, ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಾಳೆ. ಬಾಲ ಉಳಿಯುವ ಸಂಭವ ಯಾರಿಗೆ ಹೆಚ್ಚೋ ಅವರಿಗೇ ವಿಶ್ರಾಂತಿ ಕಡಿಮೆ. ಇದನ್ನು ಬರೆಯುವಾಗ ನಮ್ಮ ಮನೆಯ ಅಂಗಳವೂ ನಮ್ಮ ಕಣ್ಣ ಮುಂದೆ ಬರುತ್ತದೆ.

ಸೋಮಾರಿತನದ ಮಾತು

ಇಷ್ಟು ಓದಿದ ಮೇಲೆ ಕೆಲವು ಸದಸ್ಯರು ಹೇಳುವ ಮಾತು ನಮಗೆ ಈಗಲೇ ಕೇಳಿಸುತ್ತಿದೆ. “ಇದೆಲ್ಲ ಸರಿ ಕಾರ್ಯದರ್ಶಿಗಳೇ, ಆದರೆ ಮೈಗಳ್ಳರಿಗೆ ನೀವು ಒಂದು ನೆಪ ಕೊಡುತ್ತಿದ್ದೀರಿ. ನಮ್ಮ ಅಜ್ಜಂದಿರು ಜ್ವರ ಬಿಟ್ಟ ಮರುದಿನ ಗಂಜಿ ಕುಡಿದು ತೋಟಕ್ಕೆ ಇಳಿಯುತ್ತಿದ್ದರು.” ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆಳಿನ ಕೂಲಿ, ಕೈಗೆ ಸಿಗದ ಕೊನೆಗಾರ, ಮಳೆ ಬರುವ ಮುನ್ನ ಮುಗಿಯಬೇಕಾದ ಕೆಲಸ ಇವೆಲ್ಲ ನಮ್ಮ ತಲೆಯ ಮೇಲೂ ಇವೆ.

ಇದಕ್ಕೆ ಉತ್ತರವನ್ನು ಆಸ್ಟ್ರೇಲಿಯದ ಡಬ್ಬೊ ಎಂಬ ಹಳ್ಳಿಗಾಡಿನ ಪಟ್ಟಣದಿಂದ ತರಬಹುದು. ಅದೂ ನಮ್ಮಂತೆ ಬೇಸಾಯ, ದನ, ಕುರಿಗಳ ಸೀಮೆ. ಅಲ್ಲಿ ಮೂರು ಬೇರೆ ಬೇರೆ ಸೋಂಕುಗಳು ತಗುಲಿದ 253 ಜನರನ್ನು ಮೊದಲ ದಿನಗಳಿಂದಲೇ ವೈದ್ಯರು ಹಿಂಬಾಲಿಸಿದರು. ಆರು ತಿಂಗಳ ಬಳಿಕವೂ ನೂರಕ್ಕೆ 12 ಮಂದಿ ಕೆಲಸ ಮಾಡಲಾಗದಷ್ಟು ಆಯಾಸ, ಮೈನೋವು, ಮನಸ್ಸು ನಿಲ್ಲದಿರುವುದು ಇವುಗಳಿಂದ ನರಳುತ್ತಿದ್ದರು. ರೋಗಾಣು ಮೂರು ಬಗೆಯದಾದರೂ ಉಳಿದ ಬಾಲ ಒಂದೇ ಬಗೆಯದು. ಇವರು ಮೊದಲಿನಿಂದ ಅಳುಬುರುಕರೇ, ಮನಸ್ಸು ದುರ್ಬಲವೇ ಎಂದೂ ಪರೀಕ್ಷಿಸಲಾಯಿತು. ಅದರಿಂದ ಏನನ್ನೂ ಮುಂಗಾಣಲಾಗಲಿಲ್ಲ. ಮುಂಗಾಣಲು ಸಾಧ್ಯವಾದದ್ದು ಮುಖ್ಯವಾಗಿ ಒಂದರಿಂದಲೇ: ಮೊದಲ ಜ್ವರ ಎಷ್ಟು ಜೋರಾಗಿತ್ತು ಎಂಬುದರಿಂದ. 2006ರಲ್ಲಿ ಇದು ಪ್ರಕಟವಾಯಿತು. ಕೊರೋನದ ಲೆಕ್ಕದಲ್ಲಿ ಮನೋವ್ಯಾಕುಲತೆಗೂ ಒಂದು ಪಾಲಿದೆಯೆಂದು ಮೇಲೆ ಹೇಳಿದೆವು. ಆದರೆ ಅದು ಚಿಕ್ಕ ಪಾಲು; ಅದೂ ಒಂದು ಕಾಯಿಲೆ, ಮೈಗಳ್ಳತನವಲ್ಲ.

ಒಂದು ವರ್ಷ ಮಿತಿಮೀರಿ ಕಾಯಿ ಹೊತ್ತ ಕಾಫಿ ಗಿಡ ಏನಾಗುತ್ತದೆಂದು ನಾವು ಬಲ್ಲೆವು. ಕೊಂಬೆಯ ತುದಿ ಒಣಗಿ ಮರುವರ್ಷ ಫಸಲು ಬಿಡದೆ ನಿಲ್ಲುತ್ತದೆ. ಆ ಗಿಡವನ್ನು ಯಾರೂ ಸೋಮಾರಿ ಎಂದು ಬೈಯುವುದಿಲ್ಲ. ನೆರಳು ನೋಡಿ, ಗೊಬ್ಬರ ಕೊಟ್ಟು, ಕಸಿ ಮಾಡಿ ಕಾಯುತ್ತೇವೆ. ಗಿಡಕ್ಕೆ ಕೊಡುವ ನ್ಯಾಯವನ್ನು ಮನುಷ್ಯನಿಗೆ ಕೊಡಬಾರದೇಕೆ?

ಅಜ್ಜಂದಿರ ಮಾತಿಗೂ ಒಂದು ಉತ್ತರವಿದೆ. ಮರುದಿನ ತೋಟಕ್ಕಿಳಿದು ಬದುಕಿದ ಅಜ್ಜನ ಕತೆ ಮನೆಯಲ್ಲಿ ಉಳಿಯುತ್ತದೆ. ಇಳಿಯಲಾಗದೆ ಜಗಲಿಯಲ್ಲಿ ಕುಳಿತೇ ಕಾಲ ಕಳೆದ ಅಜ್ಜನ ಕತೆಯನ್ನು ಯಾರೂ ಹೇಳುವುದಿಲ್ಲ. ಹಿಂದೆ ಗಟ್ಟಿಮುಟ್ಟಾಗಿದ್ದವನು ‘ಆ ಜ್ವರ ಬಂದಮೇಲೆ ಹಾಗೇ ಆದ’ ಎಂಬ ಮಾತನ್ನು ನಾವು ಚಿಕ್ಕಂದಿನಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದೇ ಆ ಮೂರನೆಯ ಅಂಕಣ.

ಇನ್ನು ಮರ ಹತ್ತುವ ಕೊನೆಗಾರನ ವಿಷಯ. ಐವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ಹೋಗುವವನ ಕೈ ನಡುಗಿದರೆ, ಕಣ್ಣು ಮಂಜಾದರೆ ಪರಿಣಾಮ ಏನೆಂದು ಬರೆಯಬೇಕಾಗಿಲ್ಲ. ಮಂಗನ ಕಾಯಿಲೆಯಿಂದ ಎದ್ದವನನ್ನು ವೈದ್ಯರು ನೋಡಿ ಆಗಬಹುದು ಎನ್ನುವವರೆಗೆ ಮರಕ್ಕೆ ಹತ್ತಿಸಕೂಡದು. ಅವನೇ ಹತ್ತುತ್ತೇನೆಂದರೂ ಬೇಡವೆನ್ನಬೇಕು.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ರೋಗವೇ ಬರದಂತೆ ನೋಡಿಕೊಳ್ಳುವುದು. ಬರದ ಜ್ವರಕ್ಕೆ ಬಾಲವಿಲ್ಲ. ಮಂಗನ ಕಾಯಿಲೆಗೆ ನಮ್ಮಲ್ಲಿ ಕೊಡುತ್ತಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತುಹೋಯಿತು. ಎರಡು ಸಲ ಹಾಕಿಸಿಕೊಂಡರೂ ಅದರ ರಕ್ಷಣೆ ನೂರಕ್ಕೆ 62ರಷ್ಟೇ ಇತ್ತೆಂದು ಹಿಂದಿನ ಪರಿಶೀಲನೆಯೊಂದು ತೋರಿಸಿತ್ತು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ನಮ್ಮೂರಿನ ಆಸ್ಪತ್ರೆಗೆ ಬರುವ ದಿನದವರೆಗೆ ನಮಗಿರುವ ರಕ್ಷೆ ಹಳೆಯದೇ. ಕಾಡಿಗೂ ಬೆಟ್ಟಕ್ಕೂ ಹೋಗುವಾಗ ಮೈತುಂಬ ಬಟ್ಟೆ. ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ತೈಲ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಕುದಿನೀರಿಗೆ ಹಾಕುವುದು. ಶಿವಮೊಗ್ಗ ಜಿಲ್ಲೆಯಲ್ಲಿ 2013-14ರ ಸೋಂಕಿನ ತನಿಖೆ ಮಾಡಿದವರು, ಮನೆಯ ಆವರಣದಲ್ಲಿ ಒಣ ಎಲೆಯ ರಾಶಿ ಇದ್ದವರಲ್ಲಿ ರೋಗ ಹೆಚ್ಚೆಂದು ಕಂಡರು. ದರಕು ಬೇಡವೆಂದರೆ ಅಡಿಕೆ ತೋಟವೇ ಇಲ್ಲ, ನಿಜ. ಆದರೆ ರಾಶಿಯನ್ನು ಜಗಲಿಯ ಪಕ್ಕದಲ್ಲಿ ಹಾಕದೆ ದೂರ ಹಾಕುವುದು ನಮ್ಮ ಕೈಯಲ್ಲೇ ಇದೆ. ಸತ್ತ ಮಂಗ ಕಂಡರೆ ಮುಟ್ಟದೆ, ಆ ಜಾಗಕ್ಕೆ ಯಾರೂ ಹೋಗದಂತೆ ಮಾಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಎರಡನೆಯದಾಗಿ, ಬಂದರೆ ತಡಮಾಡಬಾರದು. ಋತುವಿನಲ್ಲಿ ಕಾಡಿನ ಸಂಪರ್ಕವಿದ್ದವರಿಗೆ ತೀವ್ರ ಜ್ವರ ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಸಲ್ಲದು. ಇದು ರಕ್ತಸ್ರಾವವಾಗಬಲ್ಲ ಜ್ವರ. ಆಸ್ಪಿರಿನ್, ಐಬುಪ್ರೊಫೆನ್‌ನಂಥವು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡಿ ಅಪಾಯ ಹೆಚ್ಚಿಸುತ್ತವೆ. ಬೇಗ ಆಸ್ಪತ್ರೆ ಸೇರಿ ರಕ್ತ ಪರೀಕ್ಷೆ ಮಾಡಿಸಬೇಕು. ಜ್ವರ ಬಿಟ್ಟ ಬಳಿಕ ಮೂರನೆಯ ವಾರದವರೆಗೆ ಮನೆಯವರು ಕಣ್ಣಿಟ್ಟಿರಬೇಕು. ಮತ್ತೆ ಜ್ವರ, ತಲೆನೋವು, ನಡುಕ, ಗೊಂದಲದ ಮಾತು ಕಂಡರೆ ಆ ದಿನವೇ ಹಿಂದಿರುಗಬೇಕು.

ಮೂರನೆಯದಾಗಿ, ಜ್ವರ ಬಿಟ್ಟ ಮೇಲಿನ ಮೂರು ತಿಂಗಳನ್ನು ರೋಗದ ಕಾಲವೆಂದೇ ಎಣಿಸಬೇಕು. ಮೇಲೆ ಹೇಳಿದ ಪಟ್ಟಿಯಲ್ಲಿರುವವರು, ಅಂದರೆ ಆಸ್ಪತ್ರೆಯಲ್ಲಿದ್ದು ಬಂದವರು, ಎರಡನೆಯ ಸುತ್ತಿನ ಜ್ವರ ಕಂಡವರು, ನಲವತ್ತು ನಲವತ್ತೈದು ದಾಟಿದವರು, ಹೆಂಗಸರು, ಸಕ್ಕರೆ ಕಾಯಿಲೆ, ದಮ್ಮು ಇದ್ದವರು ವಿಶೇಷವಾಗಿ. ಪಟ್ಟಿಯಲ್ಲಿಲ್ಲದ ಗಟ್ಟಿ ಆಳಿಗೂ ಬಾಲ ಉಳಿಯಬಹುದು. ಆದುದರಿಂದ ಪಟ್ಟಿಯನ್ನು ತೋರಿಸಿ ಯಾರನ್ನೂ ಬೈಯಬಾರದು. ಕೆಲಸಕ್ಕೆ ಮರಳುವುದು ಮೆಟ್ಟಿಲು ಮೆಟ್ಟಿಲಾಗಿ ಇರಲಿ. ಒಂದು ದಿನ ಚೆನ್ನಾಗಿದೆಯೆಂದು ಇಡೀ ದಿನ ದುಡಿದು ಮುಂದಿನ ಮೂರು ದಿನ ಮಲಗುವುದು ಇಂಥ ಆಯಾಸದ ಲಕ್ಷಣ. ಹಾಗಾದರೆ ಆ ಮೆಟ್ಟಿಲು ಇನ್ನೂ ಬಂದಿಲ್ಲವೆಂದು ತಿಳಿದು ಒಂದು ಮೆಟ್ಟಿಲು ಕೆಳಗಿಳಿಯಬೇಕು. ಬಲವಂತದ ದುಡಿಮೆಯಿಂದ ಈ ಆಯಾಸ ಹೋಗುವುದಿಲ್ಲ. ಬೀಡಿ ಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವೂ ಇಲ್ಲ.

ನಾಲ್ಕನೆಯದು ಸಂಘಕ್ಕೆ ಸೇರಿದ್ದು. ಬೆಳೆ ಸಾಲದ ಗಡುವನ್ನು ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಗಡುವು ತಪ್ಪಿದರೆ ಬಡ್ಡಿಯ ರಿಯಾಯತಿಯೂ ತಪ್ಪುತ್ತದೆ. ಆದರೆ ಸಂಘವು ತನ್ನ ಸ್ವಂತ ನಿಧಿಯಿಂದ ಸರಕಿನ ಮೇಲೆ ಕೊಡುವ ಮುಂಗಡದ ಗಡುವು ನಮ್ಮದೇ ಸಭೆ ಮಾಡಿದ್ದು. ಅದನ್ನು ಬದಲಾಯಿಸಲು ನಮ್ಮ ಸಭೆಯೇ ಸಾಕು. ಬರುವ ಸರ್ವಸದಸ್ಯರ ಸಭೆಯ ಮುಂದೆ ಮೂರು ಸಲಹೆಗಳನ್ನು ಇಡಬೇಕೆಂದಿದ್ದೇವೆ.

ಒಂದು: ಮಂಗನ ಕಾಯಿಲೆ ಅಥವಾ ಅಂಥ ಕಠಿಣ ಸೋಂಕಿನಿಂದ ಆಸ್ಪತ್ರೆ ಸೇರಿದ ಸದಸ್ಯರಿಗೆ, ವೈದ್ಯರ ಚೀಟಿಯ ಮೇಲೆ, ಸ್ವಂತ ನಿಧಿಯ ಮುಂಗಡಕ್ಕೆ ಆರು ತಿಂಗಳ ವಾಯಿದೆ, ದಂಡಬಡ್ಡಿ ಇಲ್ಲದೆ. ಬೆಳೆ ಸಾಲದ ಗಡುವು ಹತ್ತಿರವಿದ್ದರೆ ಅದನ್ನು ತೀರಿಸುವುದಕ್ಕೆ ಒಂದು ಕೈಸಾಲ.

ಎರಡು: ಮುಯ್ಯಾಳು. ನಮ್ಮ ಹಿರಿಯರು ಇಟ್ಟುಹೋದ ಈ ಪದ್ಧತಿ ಕೂಲಿಯ ಲೆಕ್ಕ ಬಂದ ಮೇಲೆ ಮಂಕಾಗಿದೆ. ಮಲಗಿದ ಮನೆಯ ತೋಟಕ್ಕೆ ಒಂದು ಋತುವಿನಲ್ಲಿ ಪ್ರತಿ ನೆರೆಮನೆಯಿಂದ ಎರಡು ದಿನ ಆಳು, ಸುಲಿತಕ್ಕೆ ಎರಡು ರಾತ್ರಿ. ಕೊಟ್ಟವರಿಗೆ ಒಂದಲ್ಲ ಒಂದು ದಿನ ಮುಯ್ಯಿ ಹಿಂದಿರುಗುತ್ತದೆ. ತೋಟದ ಕೂಲಿಯವರು ಮಲಗಿದಾಗಲೂ ಇದೇ ಮಾತು ಅನ್ವಯಿಸಬೇಕು. ಅವರಿಗೆ ಸಾಲದ ನೋಟೀಸೇ ಇಲ್ಲ, ಏಕೆಂದರೆ ಅವರಿಗೆ ಸಾಲ ಕೊಟ್ಟವರೇ ಇಲ್ಲ. ಚೇತರಿಸಿಕೊಳ್ಳುವವರೆಗೆ ಕುಳಿತು ಮಾಡುವ ಹಗುರ ಕೆಲಸ, ಅದಕ್ಕೆ ನ್ಯಾಯವಾದ ಕೂಲಿ.

ಮೂರು: ಸಂಘದ ಕಛೇರಿಯಲ್ಲಿ ಒಂದು ಪುಸ್ತಕ. ಸದಸ್ಯರ ಮನೆಗಳಲ್ಲೂ ಅವರ ಕೂಲಿಯವರಲ್ಲೂ ಈ ಜ್ವರ ಕಂಡವರು ಒಪ್ಪಿದರೆ, ಮೂರು ತಿಂಗಳಿಗೂ ಆರು ತಿಂಗಳಿಗೂ ವರ್ಷಕ್ಕೂ ಅವರ ಸ್ಥಿತಿ ಏನೆಂದು ಎರಡು ಸಾಲು ಬರೆದಿಡುವುದು. ಹೆಸರು ಗುಟ್ಟಾಗಿರಲಿ, ಲೆಕ್ಕ ಗುಟ್ಟಾಗಿರದಿರಲಿ. ಅರುವತ್ತು ಎಪ್ಪತ್ತು ವರ್ಷಗಳಿಂದ ಈ ರೋಗವನ್ನು ಹೊತ್ತ ಸೀಮೆ ನಮ್ಮದು. ಆ ಮೂರನೆಯ ಅಂಕಣವನ್ನು ತುಂಬಲು ನಮಗಿಂತ ಬೇರೆ ಯಾರು ಬರಬೇಕು? ಆರೋಗ್ಯ ಇಲಾಖೆಯ ಮುಂದೆ ನಿಂತು ಚೇತರಿಕೆಯ ಕಾಲದಲ್ಲೂ ತಪಾಸಣೆ ಬೇಕೆಂದು ಕೇಳುವಾಗ ಆ ಪುಸ್ತಕ ನಮ್ಮ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಇದಕ್ಕೆಲ್ಲ ಖರ್ಚಿದೆ. ವಾಯಿದೆ ಕೊಟ್ಟರೆ ಸಂಘದ ಬಡ್ಡಿಯಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ, ಅದು ಲಾಭಾಂಶದಲ್ಲಿ ಕಾಣಿಸುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಬ್ಬ ಸದಸ್ಯ ಚೇತರಿಸಿಕೊಳ್ಳುವ ಮೊದಲೇ ತೋಟ ಅಡವಿಟ್ಟು ಹೊರಟುಹೋದರೆ ಸಂಘಕ್ಕೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಬೇರೆಯದನ್ನು ಬಿಡಿ, ಬರೀ ಅಂಕಿಯಲ್ಲಿ ನೋಡಿದರೂ ಹಾಗೆಯೇ.

ನಾವು ಮೇಲೆ ಹೇಳಿದ ಸದಸ್ಯರು ಮರುವರ್ಷದ ಸುಗ್ಗಿಯ ಹೊತ್ತಿಗೆ ಮುಕ್ಕಾಲು ಪಾಲು ಚೇತರಿಸಿಕೊಂಡರು. ಬಾಕಿಯನ್ನು ದಂಡಬಡ್ಡಿ ಸಮೇತ ತಂದು ಕಟ್ಟಿದರು. ರಶೀತಿಗೆ ಸಹಿ ಹಾಕುವಾಗ ಆ ದಂಡಬಡ್ಡಿಯ ಅಂಕಿಯ ಮೇಲೆ ನಮ್ಮ ಲೇಖನಿ ಸ್ವಲ್ಪ ಹೊತ್ತು ನಿಂತಿತು. ನಿಯಮ ಅದನ್ನು ಬಿಡಲು ಅವಕಾಶ ಕೊಡಲಿಲ್ಲ. ನಿಯಮ ಮಾಡಿದವರು ನಾವೇ ಆದುದರಿಂದ ಅದನ್ನು ತಿದ್ದಬೇಕಾದವರೂ ನಾವೇ. ಸದಸ್ಯರೆಲ್ಲರೂ ಸಭೆಗೆ ತಪ್ಪದೆ ಬರಬೇಕೆಂದು, ಒಪ್ಪದವರು ಮುಖ್ಯವಾಗಿ ಬರಬೇಕೆಂದು, ನಮ್ಮ ವಿನಂತಿ.

ಇತಿ,
ಕಾರ್ಯದರ್ಶಿ
ಅಂಬ್ಲಿಗೊಳ